ಎಲ್ಲಕ್ಕೂ ಒಂದೇ ಬಂದೂಕು

ಶಿಕಾರಿಗೆ ಸರ್ಕಾರವೇ ಲೈಸೆನ್ಸ್ ಕೊಡುತ್ತಿದ್ದ ಕಾಲದಲ್ಲಿ ಬೇಟೆಯ ಹುಚ್ಚಿನವರು ಇಬ್ಬರು ಒಂದೆಡೆ ಸೇರಿದರೆ ಮಾತು ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಲ್ಲುವುದಿತ್ತು. ಮನೆಯಲ್ಲಿ ಒಂದೇ ಒಂದು ರೈಫಲ್ ಇಟ್ಟುಕೊಳ್ಳಬೇಕೆಂದರೆ ಅದು ಯಾವುದಾಗಿರಬೇಕು? ಅರಮನೆಯವರಿಗಾಗಲಿ ಅವರ ಅತಿಥಿಗಳಾದ ದೊರೆಗಳಿಗಾಗಲಿ ಈ ಚಿಂತೆ ಇರಲಿಲ್ಲ. ಜಿಂಕೆಗೊಂದು, ಹುಲಿಗೊಂದು, ಆನೆಗೊಂದು ಎಂದು ಗೋಡೆಯುದ್ದಕ್ಕೂ ಬಂದೂಕು ನಿಲ್ಲಿಸಿಕೊಳ್ಳುವ ಅನುಕೂಲ ಅವರಿಗಿತ್ತು. ತಲೆ ಕೆಡಿಸಿಕೊಳ್ಳಬೇಕಾದವರು ಸಂಬಳದ ಮಂದಿ: ರೇಂಜರು, ಅಮಲ್ದಾರರು, ವಕೀಲರು, ಹತ್ತಿಪ್ಪತ್ತು ಎಕರೆಯ ಕಾಫಿ ಪ್ಲಾಂಟರು.

ಮೈಸೂರಿನವರಿಗಂತೂ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗಿತ್ತು. ದಕ್ಷಿಣಕ್ಕೆ ಹೋದರೆ ಬಂಡೀಪುರ, ನೈರುತ್ಯಕ್ಕೆ ಕಾಕನಕೋಟೆ, ಪಶ್ಚಿಮಕ್ಕೆ ನಾಗರಹೊಳೆ, ಆಗ್ನೇಯಕ್ಕೆ ಬಿಳಿಗಿರಿರಂಗನ ಬೆಟ್ಟ. ಎಲ್ಲವೂ ನೂರು ಕಿಲೋಮೀಟರಿನ ಆಸುಪಾಸಿನಲ್ಲೇ. ಈ ಕಾಡುಗಳಲ್ಲಿ ಎಪ್ಪತ್ತು ಎಂಬತ್ತು ಕಿಲೋ ತೂಗುವ ಚುಕ್ಕೆ ಜಿಂಕೆಯೂ ಉಂಟು, ಇನ್ನೂರು ಕಿಲೋ ದಾಟುವ ಗಂಡು ಹುಲಿಯೂ ಉಂಟು, ಒಂದು ಟನ್ನಿನ ಹತ್ತಿರ ತೂಗುವ ಕಾಟಿಯೂ ಉಂಟು. ಜಿಂಕೆಯನ್ನು ಹುಡುಕಿಕೊಂಡು ಹೋದವನ ಎದುರಿಗೆ ಬಿದಿರಿನ ಮೆಳೆಯಿಂದ ಯಾವುದು ಹೊರಬರುತ್ತದೆಂದು ಹೇಳುವಂತಿರಲಿಲ್ಲ. ಆದ್ದರಿಂದ ಎಲ್ಲಕ್ಕೂ ಆಗಿಬರುವ, ಕೈಕೊಡದ ಒಂದು ಬಂದೂಕು ಬೇಕಿತ್ತು.

ಅದಕ್ಕೂ ಹಿಂದಿನವರ ಪಾಡು ಕೇಳುವಂತಿರಲಿಲ್ಲ. 1870ರ ದಶಕದಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿ ಆನೆ ಹಿಡಿಸುತ್ತಿದ್ದ ಸ್ಯಾಂಡರ್ಸನ್ ಸಾಹೇಬರು 4 ಬೋರಿನ, 8 ಬೋರಿನ ಬಂದೂಕುಗಳನ್ನು ಬಳಸುತ್ತಿದ್ದರು. ಒಂದು ಪೌಂಡ್ ಸೀಸದಿಂದ ನಳಿಗೆಯ ಅಳತೆಯ ಎಷ್ಟು ಉಂಡೆ ಎರಕ ಹೊಯ್ಯಬಹುದೋ ಅದೇ ಬೋರಿನ ಲೆಕ್ಕ. 4 ಬೋರ್ ಎಂದರೆ ಒಂದೊಂದು ಗುಂಡೂ ಕಾಲು ಪೌಂಡು, ಅಂದರೆ ಸುಮಾರು 113 ಗ್ರಾಂ! ಅಂಥ ಬಂದೂಕನ್ನು ಹೊರಲು ಒಬ್ಬ ಆಳು ಬೇಕು, ಹಾರಿಸಲು ಗಟ್ಟಿ ಹೆಗಲು ಬೇಕು. ಕರಿಮದ್ದಿನ ಹೊಗೆ ಕಣ್ಣೆದುರು ಪರದೆ ಕಟ್ಟಿದರೆ ಪ್ರಾಣಿ ಬಿತ್ತೋ, ಓಡಿತೋ, ತನ್ನ ಕಡೆಗೇ ನುಗ್ಗಿತೋ ತಿಳಿಯುತ್ತಿರಲಿಲ್ಲ.

ಹೊಗೆಯಿಲ್ಲದ ಮದ್ದು ಬಂದ ಮೇಲೆ ಕತೆ ಬದಲಾಯಿತು. ಈ ಮದ್ದು ಗುಂಡಿನ ವೇಗವನ್ನು ಬಹಳ ಹೆಚ್ಚಿಸಿತು. ವೇಗ ಹೆಚ್ಚಾದುದರಿಂದ ಗುಂಡು ಸಣ್ಣದಾಯಿತು, ಬಂದೂಕು ಹಗುರವಾಯಿತು. ಆದರೆ ನಳಿಗೆಯ ಬುಡದಲ್ಲಿ ಉಂಟಾಗುವ ಒತ್ತಡವೂ ಏರಿತು. ಆ ಒತ್ತಡವನ್ನು ತಡೆದು ನಿಲ್ಲುವ ಬಾಗಿಲು ಬೇಕಾಯಿತು.

ಆ ಬಾಗಿಲು ನಮ್ಮ ಮನೆಗಳ ಕದಕ್ಕಿರುವ ಉದ್ದನೆಯ ಚಿಲಕದಂಥದೇ. ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿ ಕೆಳಕ್ಕೆ ತಿರುಗಿಸಿದರೆ ಹೊಸ ತೋಟಾ ಒಳಗೆ ಸೇರಿ ಬಾಗಿಲು ಭದ್ರವಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಬೋಲ್ಟ್ ಆ್ಯಕ್ಷನ್ ಎಂಬ ಹೆಸರು ಬಂದುದೂ ಈ ಚಿಲಕದಿಂದಲೇ. ಜರ್ಮನಿಯ ಪಾಲ್ ಮೌಸರ್ 1898ರಲ್ಲಿ ಈ ಚಿಲಕಕ್ಕೆ ಕೊಟ್ಟ ರೂಪವನ್ನೇ ಜಗತ್ತಿನ ಬಹುಪಾಲು ಬೇಟೆ ರೈಫಲ್‌ಗಳು ಇಂದಿಗೂ ಅಷ್ಟಿಷ್ಟು ಬದಲಾವಣೆಯೊಡನೆ ಅನುಸರಿಸುತ್ತಿವೆ. ಚಿಲಕದ ಮುಂಭಾಗದಲ್ಲಿ ಎರಡು ಗಟ್ಟಿ ಹಲ್ಲುಗಳು ನಳಿಗೆಯ ಬುಡಕ್ಕೆ ಕಚ್ಚಿಕೊಳ್ಳುತ್ತವೆ. ಅವು ಮುರಿದರೂ ಹಿಂದೆ ಮೂರನೆಯದೊಂದು ತಡೆ ಇರುತ್ತದೆ. ಪಕ್ಕದಲ್ಲಿ ಉಕ್ಕಿನ ಉದ್ದನೆಯ ಉಗುರೊಂದಿದೆ. ತೋಟಾ ಪೆಟ್ಟಿಗೆಯಿಂದ ಮೇಲೇಳುವ ಹೊತ್ತಿಗೇ ಈ ಉಗುರು ಅದರ ಅಂಚನ್ನು ಹಿಡಿದು, ಒಳಗೆ ಕರೆದೊಯ್ದು, ಸಿಡಿದ ಮೇಲೆ ಹೊರಗೆ ಎಳೆದು ಹಾಕುವವರೆಗೂ ಬಿಡುವುದಿಲ್ಲ. ಗಾಬರಿಯಲ್ಲಿ ಚಿಲಕವನ್ನು ಅರ್ಧಕ್ಕೇ ನಿಲ್ಲಿಸಿದರೂ ತೋಟಾ ಉರುಳಿ ಸಿಕ್ಕಿಕೊಳ್ಳುವುದಿಲ್ಲ. ಇಡೀ ಚಿಲಕವನ್ನು ಯಾವ ಸಲಕರಣೆಯೂ ಇಲ್ಲದೆ ಬರಿಗೈಯಲ್ಲಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಬಹುದು. ಗಟ್ಟಿಮುಟ್ಟು ಎಂಬ ಮಾತಿಗೆ ಬೇಟೆಗಾರರು ಕೊಡುತ್ತಿದ್ದ ಅರ್ಥ ಇದೇ: ಬಿಡಿಭಾಗ ಕಡಿಮೆ, ಭರವಸೆ ಹೆಚ್ಚು.

ಇದಕ್ಕೆ ಎದುರಾಳಿಗಳು ಇಲ್ಲದಿರಲಿಲ್ಲ. ಜೋಡುನಳಿಗೆ ರೈಫಲ್ಲು ಕಣ್ಣು ಮಿಟುಕಿಸುವಷ್ಟರಲ್ಲಿ ಎರಡನೇ ಈಡು ಕೊಡುತ್ತಿತ್ತು. ಆದರೆ ಎರಡು ನಳಿಗೆಯ ಗುಂಡೂ ಒಂದೇ ಕಡೆ ಬೀಳುವಂತೆ ಕೈಯಿಂದಲೇ ಹೊಂದಿಸಿ ಕೂಡಿಸಬೇಕಾದ್ದರಿಂದ ಅದರ ಬೆಲೆ ಸಂಬಳದವರ ಕೈಗೆಟುಕುತ್ತಿರಲಿಲ್ಲ. ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ನೆಚ್ಚಿಕೊಂಡಿದ್ದುದು .405 ವಿಂಚೆಸ್ಟರ್, ಕುದುರೆಯ ಕೆಳಗಿನ ಸನ್ನೆಯನ್ನು ಜಗ್ಗಿ ತೋಟಾ ತುಂಬುವ ಅಮೆರಿಕದ ಬಂದೂಕು ಅದು. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ ಆ್ಯಂಡರ್ಸನ್ ಕನ್ನಡದ ಮನೆಮನೆಗೂ ಪರಿಚಿತರು. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟ್ಟರಿಗೆ ಬಹುಮಾನವಾಗಿ ಬಂದದ್ದು ಮೌಸರ್ ಚಿಲಕದ .275 ರಿಗ್ಬಿ. ಮುಂದೆ ಬೆಟ್ಟಗಳಲ್ಲಿ ಅಲೆಯುವಾಗ ಅವರ ಹೆಗಲ ಮೇಲಿರುತ್ತಿದ್ದುದು ಆ ಹಗುರ ರೈಫಲ್ಲೇ.

ಹಾಗಾದರೆ ಮೈಸೂರಿನವನೂ .275 ಕೊಂಡರೆ ಸಾಕಾಗಿತ್ತೆ? ಇಲ್ಲಿ ಹೈಸ್ಕೂಲಿನ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಚಲನಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. .275ರ ಗುಂಡು ಸುಮಾರು 9 ಗ್ರಾಂ; ಸೆಕೆಂಡಿಗೆ 820 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 3,000 ಜೂಲ್. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ತಂದ .375 ಮ್ಯಾಗ್ನಮ್‌ನ ಗುಂಡು 19 ಗ್ರಾಮಿಗೂ ಹೆಚ್ಚು. 770 ಮೀಟರ್ ವೇಗದಲ್ಲಿ ಅದರ ಶಕ್ತಿ 5,700 ಜೂಲ್ ಮುಟ್ಟುತ್ತದೆ. ಜಿಂಕೆಗೆ ಮೊದಲನೆಯದೇ ಧಾರಾಳ. ಕಾಟಿಯ ದಪ್ಪ ಭುಜವನ್ನು ಹಾದು ಹೃದಯ ಮುಟ್ಟಬೇಕಾದರೆ ಎರಡನೆಯದೇ ಬೇಕು. ಎಲ್ಲಕ್ಕೂ ಒಂದೇ ಎಂಬ ಚರ್ಚೆಯಲ್ಲಿ ಆಫ್ರಿಕಾದಿಂದ ನಮ್ಮ ನೀಲಗಿರಿಯವರೆಗೆ .375 ಗೆಲ್ಲುತ್ತ ಬಂದುದು ಇದೇ ಕಾರಣಕ್ಕೆ.

ಆದರೆ ನ್ಯೂಟನ್ನನ ಮೂರನೇ ನಿಯಮ ಯಾರನ್ನೂ ಬಿಡುವುದಿಲ್ಲ. ಗುಂಡು ಮತ್ತು ಮದ್ದಿನ ಅನಿಲ ಮುಂದಕ್ಕೆ ಹೋದರೆ ಬಂದೂಕು ಹಿಂದಕ್ಕೆ ಬರುತ್ತದೆ. ನಾಲ್ಕು ಕಿಲೋ ತೂಕದ .375 ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗದಲ್ಲಿ ಹೆಗಲಿಗೆ ಒದೆಯುತ್ತದೆ. ಒಮ್ಮೆ ಒದೆಸಿಕೊಂಡ ಹೆಗಲು ಮುಂದಿನ ಸಲ ಕುದುರೆ ಎಳೆಯುವ ಮೊದಲೇ ಮುದುಡಿಕೊಳ್ಳುತ್ತದೆ, ಕಣ್ಣು ಮುಚ್ಚುತ್ತದೆ, ಗುಂಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದ ದೊಡ್ಡ ಗುಂಡಿಗಿಂತ ಎದೆಗೆ ಬಿದ್ದ ಸಣ್ಣ ಗುಂಡೇ ಮೇಲು. ನೂರು ಮೀಟರಿಗೆ ಗುಂಡು ಎಂಟು ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ ಎಂಬ ಲೆಕ್ಕ ಬಯಲಿನಲ್ಲಿ ಸರಿ. ಐವತ್ತು ಮೀಟರಿನಾಚೆ ಕಣ್ಣೇ ಹೋಗದ ಬಿದಿರಿನ ಕಾಡಿನಲ್ಲಿ ಅದು ಲೆಕ್ಕಕ್ಕಿಲ್ಲ. ಅಲ್ಲಿ ಬೇಕಾದುದು ಎದೆಗೆತ್ತಿದ ಕೂಡಲೇ ಗುರಿ ಕೂಡುವ ಹದ.

ನಮ್ಮ ಹವೆಯೂ ಈ ಆಯ್ಕೆಯಲ್ಲಿ ಪಾಲು ಕೇಳುತ್ತಿತ್ತು. ಆ ಕಾಲದ ಮದ್ದಾದ ಕಾರ್ಡೈಟು ಬಿಸಿಯಾದಷ್ಟೂ ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಲಂಡನ್ನಿನ ಚಳಿಯಲ್ಲಿ ಸರಾಗವಾಗಿ ಹೊರಬರುವ ತೋಟಾ ಚೈತ್ರದ ಬಿಸಿಲಿನಲ್ಲಿ ನಳಿಗೆಗೆ ಅಂಟಿಕೊಳ್ಳುವ ಭಯವಿತ್ತು. ಬಂದೂಕಿನ ಕಂಪನಿಗಳು ಉಷ್ಣದೇಶಗಳಿಗೆಂದೇ ಕಡಿಮೆ ಒತ್ತಡದ ತೋಟಾ ಮಾಡುತ್ತಿದ್ದುದು ಅದಕ್ಕೆ. ಬಂಡೀಪುರ, ಮುದುಮಲೆ ದಾಟಿ ನೀಲಗಿರಿ ಹತ್ತಿದರೆ ಸಿಗುವ ಅರುವಂಕಾಡಿನಲ್ಲಿ ಕಳೆದ ಶತಮಾನದ ಆರಂಭದಲ್ಲೇ ಕಾರ್ಡೈಟ್ ಕಾರ್ಖಾನೆ ಶುರುವಾಯಿತು ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಇನ್ನು ಹಳೆಯ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಕ್ಲೋರೈಡ್ ಆಗಿ, ಅಡಿಗೆ ಉಪ್ಪಿನ ಹಾಗೆ ಗಾಳಿಯ ತೇವವನ್ನು ಹೀರಿ, ಬೆಳಗಾಗುವುದರೊಳಗೆ ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. ಎಣ್ಣೆ ಹಚ್ಚಿದರೆ ಉಪ್ಪು ಕರಗುವುದಿಲ್ಲ. ಅದಕ್ಕೆ ಕುದಿಯುವ ನೀರೇ ಆಗಬೇಕು. ಬೇಟೆ ಮುಗಿಸಿ ಬಂದವನು ಮೊದಲು ಬಚ್ಚಲ ಹಂಡೆಯ ಬಳಿಗೆ ಹೋಗಿ ನಳಿಗೆಗೆ ನೀರು ಹೊಯ್ಯಬೇಕಿತ್ತು. ತನ್ನ ಸ್ನಾನ ಆಮೇಲೆ. ಮಳೆಗಾಲದಲ್ಲಿ ಮರದ ಹಿಡಿ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿಯೇ ಪಕ್ಕಕ್ಕೆ ಸರಿಯುತ್ತಿತ್ತು. ಹಳೆಯ ಒಣ ಆಕ್ರೋಟು ಮರದ ಹಿಡಿಗೆ ಅಷ್ಟು ಬೆಲೆ ಬಂದುದು ಅಂದಕ್ಕಾಗಿ ಮಾತ್ರವಲ್ಲ.

ಸ್ವಾತಂತ್ರ್ಯಾನಂತರ ಆಯ್ಕೆ ತಾನಾಗಿಯೇ ಕಿರಿದಾಯಿತು. ವಿಲಾಯಿತಿ ಬಂದೂಕು ದುರ್ಲಭವಾಯಿತು. ಸೇನೆಯ .303 ತೋಟಾ ಹೊರಗಿನವರ ಕೈಗೆ ಹೋಗಬಾರದೆಂಬ ನಿಯಮ ಬ್ರಿಟಿಷರ ಕಾಲದಿಂದಲೂ ಇತ್ತು. ಉಳಿದದ್ದು ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್. ಸೇನೆಯ ಲೀ-ಎನ್‌ಫೀಲ್ಡಿನ ಚಿಲಕಕ್ಕೇ ಬೇರೆ ತೋಟಾ ಹೊಂದಿಸಿ ಮಾಡಿದ ಬಂದೂಕು ಇದು. ನುಣುಪಿಲ್ಲ, ಒಡ್ಡು ಮೈ. ಆದರೆ ಕೆಸರಿಗೆ ಬಿದ್ದರೂ ಕೆಲಸ ಮಾಡುತ್ತದೆ. ಜಿಂಕೆ, ಹಂದಿ, ಕಡವೆಗೆ ಸಾಕು, ಕಾಟಿಗೆ ಸಾಲದು. ದೇಶದಲ್ಲಿ ಸಾಮಾನ್ಯ ಮನುಷ್ಯನ ‘ಎಲ್ಲಕ್ಕೂ ಒಂದೇ ರೈಫಲ್’ ಎಂದು ಯಾವುದನ್ನಾದರೂ ಕರೆಯುವುದಾದರೆ ಈ .315ನ್ನೇ ಕರೆಯಬೇಕು.

ಇಷ್ಟೆಲ್ಲ ಲೆಕ್ಕಾಚಾರದ ಹಿಂದೆ ಬರೀ ಶೋಕಿ ಇರಲಿಲ್ಲ. ಗಾಯಗೊಂಡ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಬರಬಾರದೆಂಬುದು ಮರ್ಯಾದಸ್ಥ ಬೇಟೆಗಾರರ ಮೊದಲ ಕಟ್ಟಳೆಯಾಗಿತ್ತು. ಕಾಲಿಗೋ ದವಡೆಗೋ ಗುಂಡು ತಗುಲಿದ ಹುಲಿ ತನ್ನ ಸಹಜ ಬೇಟೆಯನ್ನು ಹಿಡಿಯಲಾರದೆ ದನಕ್ಕೆ, ಕೊನೆಗೆ ಮನುಷ್ಯನಿಗೆ ಬೀಳುತ್ತಿತ್ತು. ಕಾರ್ಬೆಟ್ ಮತ್ತು ಆ್ಯಂಡರ್ಸನ್ ಕೊಂದ ಎಷ್ಟೋ ನರಭಕ್ಷಕಗಳ ಮೈಯಲ್ಲಿ ಹಳೆಯ ಗುಂಡಿನ ಗಾಯಗಳಿದ್ದವು. ಯಾರೋ ಕೊಂಡ ಕೆಟ್ಟ ಬಂದೂಕಿನ, ಯಾರೋ ತಪ್ಪಿದ ಗುರಿಯ ದಂಡವನ್ನು ಇನ್ನಾವುದೋ ಊರಿನ ಸೌದೆ ಹೊರುವ ಹೆಂಗಸು ಪ್ರಾಣದಿಂದ ತೆರುತ್ತಿದ್ದಳು. ಗಟ್ಟಿ ಬಂದೂಕು ಎಂಬುದು ಜವಾಬ್ದಾರಿಯ ಇನ್ನೊಂದು ಹೆಸರಾಗಿತ್ತು.

ಹಾಗೆಂದು ನಿಟ್ಟುಸಿರು ಬಿಡುವ ಮೊದಲು ನಜರ್‌ಬಾದಿನ ಕಡೆ ಒಮ್ಮೆ ನೋಡಬೇಕು. ಯೂಜಿನ್ ವ್ಯಾನ್ ಇಂಗನ್ ಮೈಸೂರಿನಲ್ಲಿ 1900ರ ಸುಮಾರಿಗೆ ಆರಂಭಿಸಿ, ಅವರ ಮಕ್ಕಳು 1999ರವರೆಗೆ ನಡೆಸಿದ ಚರ್ಮ ಹದ ಮಾಡುವ ಕಾರ್ಖಾನೆಗೆ ದೇಶದ ಮೂಲೆಮೂಲೆಗಳಿಂದ ಬೇಟೆಯ ಪ್ರಾಣಿಗಳ ಚರ್ಮ, ತಲೆ ಬರುತ್ತಿದ್ದವು. ಅಲ್ಲಿ ಜೀವಕಳೆ ತುಂಬಿಸಿಕೊಂಡು ಹೊರಟ ಹುಲಿ, ಚಿರತೆಗಳ ಸಂಖ್ಯೆ ಸುಮಾರು 43,000 ಎನ್ನುತ್ತಾರೆ ಆ ಸಂಸ್ಥೆಯ ಚರಿತ್ರೆ ಬರೆದವರು. ಇದು ಒಂದು ಊರಿನ ಒಂದು ಕಾರ್ಖಾನೆಯ ಲೆಕ್ಕ. ಇವುಗಳಲ್ಲಿ ಬಹಳಷ್ಟು ಒಳ್ಳೆಯ ಬಂದೂಕಿನಿಂದ, ಒಳ್ಳೆಯ ಗುರಿಯಿಂದ, ನೋವಿಲ್ಲದೆ ಸತ್ತಿರಬಹುದು. ಒಂದು ಪ್ರಾಣಿಗೆ ಬಂದೂಕು ತೋರಿದ ದಯೆ ಆ ಜಾತಿಗೆ ದಯೆಯಾಗಲಿಲ್ಲ. ಕರಿಮದ್ದಿನ ಕೋವಿ ಹತ್ತು ಸಲ ತಪ್ಪುತ್ತಿತ್ತು, ಮೌಸರ್ ತಪ್ಪಲಿಲ್ಲ. ಬಂದೂಕು ಕೈಕೊಡದಂತಾದ ಮೇಲೆ ಕಾಡೇ ಕೈಕೊಟ್ಟಿತು.

ಇದನ್ನು ಮೊದಲು ಕಂಡವರಲ್ಲಿ ಸ್ವತಃ ಶಿಕಾರಿ ಬಲ್ಲವರೂ ಇದ್ದರು. 1952ರಲ್ಲಿ ರಚನೆಯಾದ ಭಾರತೀಯ ವನ್ಯಜೀವಿ ಮಂಡಳಿಗೆ ಅಧ್ಯಕ್ಷರಾದವರು ಜಯಚಾಮರಾಜೇಂದ್ರ ಒಡೆಯರು. 1970ರಲ್ಲಿ ಹುಲಿ ಬೇಟೆ ನಿಂತಿತು, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು, 1991ರ ತಿದ್ದುಪಡಿ ಬೇಟೆಯ ಲೈಸೆನ್ಸನ್ನೇ ತೆಗೆದುಹಾಕಿತು. ಎಲ್ಲಕ್ಕೂ ಒಂದೇ ಬಂದೂಕು ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಪ್ರಶ್ನೆ ಇಲ್ಲವಾಯಿತು.

ಬಂದೂಕು ಮಾತ್ರ ಇಲ್ಲವಾಗಲಿಲ್ಲ. ಒಳ್ಳೆಯ ಉಕ್ಕಿಗೆ ನೂರು ವರ್ಷ ಏನೂ ಅಲ್ಲ. ಅಜ್ಜ ತೀರಿಕೊಂಡ ಮೇಲೆ ಬೀರುವಿನಲ್ಲಿ ಬಂದೂಕು ಸಿಕ್ಕಿದ ಮನೆಯವರಿಗೆ ಈಗ ಎದುರಾಗುವುದು ಬೇರೆಯೇ ಆಯ್ಕೆ. ಕಾಯ್ದೆಯಂತೆ ಅದನ್ನು ತಡಮಾಡದೆ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ಬೇಕಿದ್ದವರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಚುನಾವಣೆ ಬಂದರೆ ಅವೂ ಸಾಮಾನ್ಯವಾಗಿ ಠಾಣೆ ಸೇರುತ್ತವೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಅಲ್ಲಿ ಕೋವಿ ಕೈಲ್‌ಪೊಳ್ದ್ ಹಬ್ಬದ ದಿನ ಹೂ ಮುಡಿದು ಪೂಜೆಗೊಳ್ಳುತ್ತದೆ. ಬೇಟೆಯ ನಿಷೇಧದಿಂದ ಮಾತ್ರ ಅವರಿಗೂ ವಿನಾಯಿತಿ ಇಲ್ಲ.

ಹುಲಿಯ ಎದುರಿಗೆ ಬಂದೂಕು ಹಿಡಿದು ನಿಲ್ಲುವ ಕೆಲಸ ಮೈಸೂರಿನ ಸೀಮೆಯಲ್ಲಿ ಈಗಲೂ ಇದೆ. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಕಡೆ ಇಬ್ಬರನ್ನು ಕೊಂದ ಹುಲಿಯನ್ನು ಅರಿವಳಿಕೆಯ ಸಿರಿಂಜು ಹಾರಿಸಿ ಹಿಡಿದು ಮೈಸೂರಿಗೆ ತಂದರು. ಇಂಥ ಪ್ರಾಣಿಗಳಿಗೆಂದೇ ಕೂರ್ಗಳ್ಳಿಯಲ್ಲಿ ಮೃಗಾಲಯದ ಪುನರ್ವಸತಿ ಕೇಂದ್ರವಿದೆ. ಸಿರಿಂಜು ಹಾರಿಸುವ ಆ ಬಂದೂಕಿನ ಗುಣಗಳೆಲ್ಲ ತಲೆಕೆಳಗು. ವೇಗ ಹೆಚ್ಚಾದರೆ ಮೂಳೆ ಮುರಿಯುತ್ತದೆ, ಕಡಿಮೆಯಾದರೆ ಸೂಜಿ ಇಳಿಯುವುದಿಲ್ಲ. ಆದ್ದರಿಂದ ದೂರವನ್ನು ಅಳೆದು ಅನಿಲದ ಒತ್ತಡವನ್ನು ಹೊಂದಿಸಬೇಕು. ಎದೆಯನ್ನು ತಪ್ಪಿಸಿ ತೊಡೆಯ ಮಾಂಸಖಂಡಕ್ಕೆ ಗುರಿಯಿಡಬೇಕು. ಔಷಧದ ಪ್ರಮಾಣಕ್ಕೆ ಹುಲಿಯ ತೂಕವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು. ಹಳೆಯ ಶಿಕಾರಿಗಳಿಗಿದ್ದ ಸಹನೆ, ಹತ್ತಿರ ಹೋಗುವ ಧೈರ್ಯ, ಮೊದಲ ಈಡಿನಲ್ಲೇ ಕೆಲಸ ಮುಗಿಯಬೇಕೆಂಬ ಶಿಸ್ತು ಎಲ್ಲವೂ ಇಲ್ಲಿಯೂ ಬೇಕು. ಬಿದ್ದ ಹುಲಿ ಕೆಲ ಹೊತ್ತಿನ ಮೇಲೆ ತಾನಾಗಿ ಎದ್ದು ನಿಂತರೆ ಆ ದಿನ ಗುರಿ ಮುಟ್ಟಿದಂತೆ.