ಟವಾಕನಿಯ ಗಾಳಿಗೆ ನಮ್ಮ ಎರಡನೇ ದೋಣಿ

ಡಲ್ಲಾಸ್‌ನಿಂದ ಪೂರ್ವಕ್ಕೆ ಒಂದು ಗಂಟೆ ಕಾರು ಓಡಿಸಿದರೆ ವಿಲ್ಸ್ ಪಾಯಿಂಟ್ ಎಂಬ ಸಣ್ಣ ಊರು. ಅದರ ಆಚೆಗೆ ಟವಾಕನಿ ಕೆರೆ. ಕೆರೆ ಅಂತ ಬಾಯಿ ಅಭ್ಯಾಸಕ್ಕೆ ಹೇಳಿದೆ, ಅದು ಸುಮಾರು 37 ಸಾವಿರ ಎಕರೆಯ ಜಲಾಶಯ. ಸಬೀನ್ ನದಿಗೆ ಅಡ್ಡವಾಗಿ ಐದು ಮೈಲಿಗೂ ಉದ್ದದ ಅಣೆಕಟ್ಟು ಕಟ್ಟಿ 1960ರಲ್ಲಿ ನೀರು ನಿಲ್ಲಿಸಿದರಂತೆ. ಸುತ್ತ ಗುಡ್ಡ ಇಲ್ಲ, ದಟ್ಟ ಕಾಡೂ ಇಲ್ಲ. ಗಾಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. 2007ರಲ್ಲಿ ಇಲ್ಲಿನ ಸ್ಟೇಟ್ ಪಾರ್ಕಿನ ಮರಗಳ ಮೇಲೆ ಸಾವಿರಾರು ಜೇಡಗಳು ಸೇರಿ ಒಂದೇ ದೊಡ್ಡ ಬಲೆ ನೇಯ್ದಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನನ್ನ ಗಂಡನಿಗೆ ಈ ಕೆರೆಯ ಬಗ್ಗೆ ಮೊದಲು ಗೊತ್ತಿದ್ದದ್ದು ಆ ಜೇಡದ ಕಥೆ ಮಾತ್ರ. ನನಗೆ ಗೊತ್ತಿದ್ದದ್ದು ಕ್ರಾಪಿ.

ಕ್ರಾಪಿ ಅಂದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಚಪ್ಪಟೆ ಮೈಯ ಸಿಹಿನೀರಿನ ಮೀನು. ಬಿಳಿದು, ಕಪ್ಪು ಎಂದು ಎರಡು ಜಾತಿ. ಮಾಂಸ ಬೆಳ್ಳಗೆ, ಮೃದು, ವಾಸನೆ ಇಲ್ಲ. ರವೆ ಹಚ್ಚಿ ಕಾವಲಿ ಮೇಲೆ ಹುರಿದರೆ ಕಾಣೆ ಮೀನಿನ ನೆನಪಾಗುತ್ತದೆ. ಕಾಣೆಯಷ್ಟು ರುಚಿ ಅಂತ ನಾನು ಹೇಳಲ್ಲ, ಊರಿನವರು ನಗುತ್ತಾರೆ. ಪಕ್ಕದ ಲೂಸಿಯಾನದಲ್ಲಿ ಇದಕ್ಕೆ ಹಾಲಿನ ಚೀಲ ಎಂಬ ಅರ್ಥದ ಫ್ರೆಂಚ್ ಹೆಸರೇ ಇದೆ.

ನಾನು ಗಂಗೊಳ್ಳಿಯವಳು. ಅಪ್ಪ ನಾಡದೋಣಿಯಲ್ಲಿ ಕಡಲಿಗೆ ಹೋದವರು, ಅಮ್ಮ ಬುಟ್ಟಿ ಹೊತ್ತು ಮೀನು ಮಾರಿದವರು. ನಮ್ಮ ಕಡೆ ಗಂಡಸರು ದೋಣಿಗೆ, ಹೆಂಗಸರು ದಡಕ್ಕೆ. ಹಾಗಾಗಿ ಮೀನಿನ ಕಣ್ಣು, ಕಿವಿರು ನೋಡಿ ಎಷ್ಟು ಹೊತ್ತಿನದು ಅಂತ ಹೇಳುವಷ್ಟು ನನಗೆ ಗೊತ್ತಿತ್ತು, ದೋಣಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೂ ಮೀನುಗಾರರ ಮನೆ ಮಗಳು ಎಂಬ ಧೈರ್ಯ ಬೇರೆ! ಮೂರು ವರ್ಷದ ಹಿಂದೆ 1,200 ಡಾಲರ್ ಕೊಟ್ಟು 14 ಅಡಿಯ ಒಂದು ಹಳೆಯ ಅಲ್ಯೂಮಿನಿಯಂ ದೋಣಿ ಕೊಂಡೆ. ಇಲ್ಲಿ ಅದಕ್ಕೆ ಜಾನ್ ಬೋಟ್ ಅಂತಾರೆ. ತಳ ಪೂರ್ತಿ ಚಪ್ಪಟೆ, ಮೂತಿಯೂ ಚೌಕ, ಅಂಚು ಮೊಣಕಾಲಿನಷ್ಟು ಎತ್ತರ. ತುಮಕೂರಿನವರಾದ ನನ್ನ ಗಂಡನಿಗೆ ಈಜು ಬಾರದು. ಅವರೂ ನೋಡಿ, “ಅಲ್ಲಾಡಲ್ಲ, ಚೆನ್ನಾಗಿದೆ” ಅಂದರು.

ಅಲ್ಲಾಡುವುದಿಲ್ಲ ಅನ್ನುವುದು ನಿಜವೇ. ನಿಂತ ನೀರಿನಲ್ಲಿ ಚಪ್ಪಟೆ ತಳದಷ್ಟು ಭದ್ರ ಬೇರೆ ಇಲ್ಲ. ಒಂದಡಿ ನೀರಿದ್ದರೂ ಸಾಕು, ಮುಳುಗಿದ ಮರಗಳ ಸಂದಿಗೆಲ್ಲ ನುಗ್ಗುತ್ತದೆ. ಕ್ರಾಪಿ ಇರುವುದೂ ಅಂಥ ಜಾಗದಲ್ಲೇ. ಮಾರ್ಚ್, ಏಪ್ರಿಲ್‌ನಲ್ಲಿ ಮೊಟ್ಟೆ ಇಡಲು ದಡದ ಹತ್ತಿರ ಬರುತ್ತವೆ, ಉಳಿದ ಕಾಲದಲ್ಲಿ ನೀರೊಳಗಿನ ಒಣ ಮರ, ಸೇತುವೆಯ ಕಂಬಗಳ ಬಳಿ ಗುಂಪು ಕಟ್ಟುತ್ತವೆ. ಚಿಕ್ಕ ಕೆರೆ, ಹಳ್ಳಗಳಿಗೆ ನೀವು ಹೋಗುವವರಾದರೆ ಈ ದೋಣಿಯನ್ನೇ ಕೊಳ್ಳಿ, ಹೆಚ್ಚು ದುಡ್ಡು ಸುರಿಯಬೇಡಿ. ನಾನು ಕೊಂಡುಹೋಗಿದ್ದು ಮಾತ್ರ ಟವಾಕನಿಗೆ.

ಅದೊಂದು ಮಾರ್ಚ್ ತಿಂಗಳ ಶನಿವಾರ. ಬೆಳಿಗ್ಗೆ ನೀರು ಕನ್ನಡಿ ಹಾಗಿತ್ತು. ನಾನು, ಗಂಡ, ಒಂಬತ್ತು ವರ್ಷದ ಮಗ. ದೋಣಿಗೆ ಅಂಟಿಸಿದ್ದ ತಗಡಿನ ಪಟ್ಟಿಯಲ್ಲಿ ಮೂರು ಜನ ಅಂತ ಬರೆದಿತ್ತು, ನಾವು ಮೂರೇ ಜನ, ಲೆಕ್ಕ ಸರಿ. ಬ್ಯಾಟರಿ, ಪೆಟ್ರೋಲ್ ಡಬ್ಬಿ, ಜೀವಂತ ಮರಿಮೀನಿನ ಬಕೆಟ್, ಐಸ್ ಪೆಟ್ಟಿಗೆ, ಚಿತ್ರಾನ್ನ, ಇವುಗಳ ತೂಕ ಯಾರೂ ಹಾಕಲಿಲ್ಲ. ಆ ಪಟ್ಟಿಯ ಅಂಕಿ ಒಳ್ಳೆಯ ಹವಾಮಾನಕ್ಕೆ ಮಾತ್ರ ಅನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ. ಪಶ್ಚಿಮದ ದಡದಿಂದ ಬಯಲು ನೀರನ್ನು ದಾಟಿ ಆಚೆ ಬದಿಯ ಮರದ ಬೊಡ್ಡೆಗಳಿಗೆ ಹೋದೆವು. ಹಗ್ಗ ಹಿಂದೆ ಇತ್ತು, ಹಿಂದಿನಿಂದಲೇ ಬೊಡ್ಡೆಗೆ ಕಟ್ಟಿದೆ. ಎಂಟು ಮೀನು ಸಿಕ್ಕವು. ಮಗನಿಗೆ ಅವತ್ತು ಆದ ಖುಷಿ ಈಗಲೂ ಕಣ್ಣ ಮುಂದೆ ಇದೆ.

ಹನ್ನೊಂದು ಗಂಟೆ ಹೊತ್ತಿಗೆ ಉತ್ತರದ ಗಾಳಿ ಬಂತು. ಟೆಕ್ಸಾಸ್‌ನಲ್ಲಿ ಇರುವವರಿಗೆ ಇದು ಗೊತ್ತು, ಬೆಳಿಗ್ಗೆ ದಕ್ಷಿಣದಿಂದ ಬೆಚ್ಚಗೆ ಬೀಸುತ್ತಿದ್ದದ್ದು ಒಂದು ಕ್ಷಣ ನಿಂತು, ಆಮೇಲೆ ಉತ್ತರದಿಂದ ಬಾಗಿಲು ಒದ್ದ ಹಾಗೆ ಬರುತ್ತದೆ. ಗಾಳಿಗೆ ಓಡಲು ಎಷ್ಟು ಉದ್ದದ ಬಯಲು ನೀರು ಸಿಗುತ್ತದೋ ಅಲೆ ಅಷ್ಟು ಬೆಳೆಯುತ್ತದೆ. ಕೆರೆ ಆಳ ಇಲ್ಲದಿದ್ದರೆ ಅಲೆಗಳು ಹತ್ತಿರ ಹತ್ತಿರ, ಕಡಿದಾಗಿ ಏಳುತ್ತವೆ. ಕಡಲಿನ ಅಲೆಯ ಹಾಗೆ ಎತ್ತಿ ಇಳಿಸುವುದಿಲ್ಲ, ಕಪಾಳಕ್ಕೆ ಹೊಡೆದ ಹಾಗೆ ಒಂದರ ಮೇಲೊಂದು. ದೋಣಿಯಲ್ಲಿ ಅತಿ ತಗ್ಗು ಜಾಗ ಹಿಂಭಾಗ, ಇಂಜಿನ್ ಕೂರುವ ಹಲಗೆ. ನಮ್ಮದರಲ್ಲಿ ಅದರ ಎತ್ತರ 15 ಇಂಚು. ಹಗ್ಗ ಕಟ್ಟಿದ್ದೂ ಅಲ್ಲಿಗೇ, ಅಲೆ ಬಂದಿದ್ದೂ ಅಲ್ಲಿಗೇ. ಹಗ್ಗ ಎಳೆದು ಹಿಡಿದದ್ದರಿಂದ ದೋಣಿ ಅಲೆಯ ಮೇಲೆ ಏಳಲಿಲ್ಲ. ಎರಡೇ ಅಲೆಗೆ ಪಾದ ಮುಳುಗುವಷ್ಟು ನೀರು ಒಳಗೆ. ಬಕೆಟ್ ತೇಲಿತು. ಮಗ ಊಟದ ಡಬ್ಬಿಯಲ್ಲಿ ನೀರು ಹೊರಗೆ ಚೆಲ್ಲುತ್ತಿದ್ದ, ಒಂದು ಮಾತೂ ಆಡದೆ. ಗಂಡ ಚಾಕು ತೆಗೆದು ಹಗ್ಗ ಕತ್ತರಿಸಿದರು. ವಾಪಸ್ ದಾಟುವ ಪ್ರಶ್ನೆಯೇ ಇರಲಿಲ್ಲ. ಗಾಳಿ ನೂಕಿದ ಕಡೆಗೆ ಹೋಗಿ ಯಾರದೋ ಮನೆಯ ಹಿಂದಿನ ಕಟ್ಟೆಗೆ ತಾಗಿದೆವು. ಮನೆಯ ಯಜಮಾನ, ವಯಸ್ಸಾದವರು, ಟವೆಲ್ ಕೊಟ್ಟು, ತಮ್ಮ ಟ್ರಕ್ಕಿನಲ್ಲಿ ನಮ್ಮ ಕಾರಿನ ತನಕ ಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ರಾತ್ರಿ ಮಗ, “ಅಮ್ಮ, ನಾನು ಇನ್ನು ಬರಲ್ಲ” ಅಂದ. ಅಷ್ಟೇ ಅಂದದ್ದು. ದೋಣಿ ಒಂದು ವರ್ಷ ಗ್ಯಾರೇಜಿನ ಪಕ್ಕ ಮಗುಚಿ ಬಿದ್ದಿತ್ತು.

ಮುಂದಿನ ಚಳಿಗಾಲದ ಕೊನೆಗೆ ಅಪ್ಪ ಬಂದರು, ಆರು ತಿಂಗಳ ವೀಸಾದಲ್ಲಿ. ಫೋನಿನಲ್ಲಿ ನಾನು ಅರ್ಧ ಕಥೆ ಮಾತ್ರ ಹೇಳಿದ್ದೆ, ಉಳಿದದ್ದನ್ನು ಮೊಮ್ಮಗ ಮೊದಲ ದಿನವೇ ಹೇಳಿಬಿಟ್ಟ. ಅಪ್ಪ ಹಿತ್ತಲಿಗೆ ಹೋಗಿ ದೋಣಿಯ ಸುತ್ತ ಎರಡು ಸುತ್ತು ಬಂದರು. ತಳವನ್ನು ಬೆರಳಲ್ಲಿ ತಟ್ಟಿದರು.

“ಇದ್ ದೋಣಿಯಾ ಮಗಾ? ಕಾವಲಿ ಕಂಡಂಗೆ ಇತ್ತ್.”

ಸ್ವಲ್ಪ ಹೊತ್ತು ಬಿಟ್ಟು, “ಮೀನ್ ಹಿಡುಕೆ ಹೋಪುಕೆ ಯಾವ್ ದೋಣಿಯೂ ಆತ್ತ್. ತಿರ್ಗಿ ಬಪ್ಪುಕೆ ದೋಣಿ ಬೇಕ್” ಅಂದರು. ಗಂಗೊಳ್ಳಿಯ ಅಳಿವೆ ದಾಟಿ ಬದುಕಿದವರು ಅವರು. ಹೊಳೆ ಕಡಲಿಗೆ ಸೇರುವಲ್ಲಿ ಅಲೆ ಮುರಿಯುತ್ತದೆ, ಅಲ್ಲಿ ಮೂತಿ ತಪ್ಪಿದರೆ ಎಷ್ಟು ಮೀನಿದ್ದರೂ ಅಷ್ಟೇ.

ದೋಣಿ ಹುಡುಕಾಟ ಅಲ್ಲಿಂದ ಶುರು. ನಾಲ್ಕು ವಾರಾಂತ್ಯ, ನಾಲ್ಕು ದೋಣಿ, ಮನೆಯಲ್ಲಿ ನಾಲ್ಕು ಅಭಿಪ್ರಾಯ.

ಮೊದಲು ನೋಡಿದ್ದು ಬ್ಯಾಸ್ ಬೋಟ್. ಮಿಂಚುವ ಬಣ್ಣ, ದೊಡ್ಡ ಇಂಜಿನ್, ಮದುವೆ ಕಾರಿನ ಹಾಗಿತ್ತು. ವೇಗಕ್ಕೆ, ನಿಂತು ಗಾಳ ಎಸೆಯುವುದಕ್ಕೆ ಮಾಡಿದ ದೋಣಿ. ಅಂಚು ತೀರಾ ತಗ್ಗು. “ಕೂತ್ರೆ ಹಿಡ್ಕಂಬುಕೆ ಎಂತದೂ ಇಲ್ಲ” ಅಂತ ಅಪ್ಪ ಅಲ್ಲಿಗೇ ಮುಗಿಸಿದರು. ಎರಡನೆಯದು ಪೊಂಟೂನ್, ಅಂದರೆ ಎರಡು ದಪ್ಪ ಕೊಳವೆಗಳ ಮೇಲೆ ಕೂರಿಸಿದ ಜಗಲಿ. ಸೋಫಾ, ನೆರಳು, ಸುತ್ತ ಕಟಾಂಜನ. ನನ್ನ ಗಂಡ ಅದರಲ್ಲಿ ಕೂತವರು ಏಳಲೇ ಇಲ್ಲ. ನಿಜ ಹೇಳಬೇಕೆಂದರೆ ಸಂಸಾರಕ್ಕೆ ಅದೇ ಹಿತ, ಎಷ್ಟೋ ಜನ ಅದರಿಂದಲೇ ಕ್ರಾಪಿ ಹಿಡಿಯುತ್ತಾರೆ. ಆದರೆ ಆ ಕಟಾಂಜನ, ನೆರಳು ಎಲ್ಲ ಗಾಳಿಗೆ ಹಾಯಿ ಇದ್ದ ಹಾಗೆ. ಗಾಳಿ ಬಂದರೆ ನಾವು ಹೇಳಿದ ಕಡೆ ನಿಲ್ಲುವುದಿಲ್ಲ. ಕಡಿದಾದ ಅಲೆಗೆ ಮುಂಭಾಗ ನೀರಿನೊಳಕ್ಕೆ ಮುಗ್ಗರಿಸುವುದೂ ಉಂಟು.

ಅಪ್ಪನ ಮನಸ್ಸು ಹೋದದ್ದು ಮೂರನೆಯದಕ್ಕೆ. 20 ಅಡಿಯ ಫೈಬರ್‌ಗ್ಲಾಸ್, ಎದೆಯೆತ್ತರದ ಬದಿ, ತಳ ಚೂಪು. ಕೈಯಿಟ್ಟು ಸವರಿದರು, ಊರಿನ ದೋಣಿ ಸಿಕ್ಕಷ್ಟು ಸಂತೋಷ. ಇಲ್ಲಿ ಮಾತ್ರ ನಾನು ಅಪ್ಪನ ಮಾತು ಮೀರಿದೆ. ಒಂದು, ನಮ್ಮ ಮಿನಿವ್ಯಾನ್ ಎಳೆಯುವುದು 3,500 ಪೌಂಡ್, ಟ್ರೇಲರ್ ಸೇರಿ ಇದು ಅದಕ್ಕಿಂತ ಹೆಚ್ಚು. ಇನ್ನೊಂದು ದೊಡ್ಡ ಕಾರಣ ಕ್ರಾಪಿಯೇ. ಅದು ಬಲೆ ಬೀಸಿ ಎಳೆಯುವ ಮೀನಲ್ಲ. ಕಡ್ಡಿ ಗಾತ್ರದ ಗಾಳಕ್ಕೆ ಮರಿಮೀನು ಚುಚ್ಚಿ, ನೀರೊಳಗಿನ ಕೊಂಬೆಯ ಮೇಲೆ ಒಂದಡಿ ಎತ್ತರದಲ್ಲಿ ಅಲ್ಲಾಡದ ಹಾಗೆ ನೇತುಹಾಕಬೇಕು. ಅದು ಕೆಳಗಿನಿಂದ ಮೇಲಕ್ಕೆ ನೋಡಿ ತಿನ್ನುವ ಮೀನು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ದಾರ ಒಂಚೂರು ಸಡಿಲ ಆಗುತ್ತದೆ, ಅಷ್ಟೇ. ಬಾಯಿ ಕಾಗದದಷ್ಟು ತೆಳು, ಜೋರಾಗಿ ಎಳೆದರೆ ಹರಿದು ಹೋಗುತ್ತದೆ. ದೋಣಿ ಗಾಳಿಗೆ ಓಲಾಡಿದರೆ ಗಾಳವೂ ಓಲಾಡುತ್ತದೆ, ಮೀನು ತಿರುಗಿಯೂ ನೋಡುವುದಿಲ್ಲ. ಬದಿ ಎತ್ತರ ಆದಷ್ಟೂ ಗಾಳಿಗೆ ಹಿಡಿತ ಜಾಸ್ತಿ. ಅಲೆಗೆ ಎತ್ತರ ಬೇಕು, ಗಾಳಿಗೆ ತಗ್ಗು ಬೇಕು, ಮರದ ಸಂದಿಗೆ ಹಗುರ ಬೇಕು. ಎಲ್ಲವೂ ಇರುವ ದೋಣಿ ಇಲ್ಲ, ಮಾರುವವರು ಏನೇ ಹೇಳಲಿ.

ನಾಲ್ಕನೆಯದು 2009ರ 17 ಅಡಿಯ ಅಲ್ಯೂಮಿನಿಯಂ ದೋಣಿ, 60 ಕುದುರೆಶಕ್ತಿಯ ಇಂಜಿನ್. ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಆದರೆ ಮೂತಿ ಚೂಪಾಗಿ ಮೇಲಕ್ಕೆ ಎದ್ದಿತ್ತು. ತಳ ಮುಂದೆ ಚೂಪು, ಹಿಂದಕ್ಕೆ ಹೋದಂತೆ ಅಗಲ. ನಡುವೆ ಏಳಡಿ ಅಗಲ, ಬದಿ ತೊಡೆಯವರೆಗೆ. ನಾನು ಟೇಪ್ ಹಿಡಿದು ಅಳೆದದ್ದು ಇಂಜಿನ್ ಹಲಗೆ: 20 ಇಂಚು. ಐದೇ ಇಂಚು ಹೆಚ್ಚು, ಆದರೆ ಆ ಐದು ಇಂಚಿನಲ್ಲೇ ನಮ್ಮ ಕಥೆ ಇದ್ದದ್ದು. ಬೆಲೆ 7,800 ಡಾಲರ್ ಹೇಳಿದರು. ಮಾಲೀಕರು ಚೌಕಾಸಿಗೆ ಬಗ್ಗಲಿಲ್ಲ. ಅಪ್ಪ ಟ್ರೇಲರಿನ ಕೆಳಗೆ ತೂರಿ ರಿವೆಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಒಳಗೆ ಒಂದು ಕೊಡ ನೀರು ಸುರಿದು, ಹೊರಗೆ ಎಲ್ಲಿ ಒಸರುತ್ತದೆ ಅಂತ ಕಾದರು. ಹಳೇ ಅಲ್ಯೂಮಿನಿಯಂ ದೋಣಿ ಕೊಳ್ಳುವವರು ಯಾರೇ ಆಗಲಿ ಇದನ್ನು ಮಾಡಿ, ಮಾರುವವರು ಮುಖ ಸಿಂಡರಿಸಿದರೂ ಮಾಡಿ. ಒಂದು ಕಡೆ ಒಸರಿತು. ಅದಕ್ಕೆ 300 ಡಾಲರ್ ಕಡಿಮೆ ಆಯಿತು.

ಮೇಲೆ ಹಾಕಿಸಿದ್ದು ಎರಡು. ನೀರು ಹೊರಹಾಕುವ ಪಂಪು, ಮತ್ತು ಮೂತಿಗೆ ಜಿಪಿಎಸ್ ಇರುವ ಕರೆಂಟ್ ಮೋಟಾರು. ಗುಂಡಿ ಒತ್ತಿದರೆ ಲಂಗರು ಇಲ್ಲದೆಯೇ ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ ನಿಂತಲ್ಲೇ ಹಿಡಿದಿಡುತ್ತದೆ. ಇದರ ದಂಡಿಗೆ 60 ಇಂಚು ಉದ್ದದ್ದನ್ನೇ ಕೇಳಿ ಹಾಕಿಸಿದೆ. ಮೂತಿ ಎತ್ತರದ ದೋಣಿಗೆ ಗಿಡ್ಡ ದಂಡಿ ಹಾಕಿದರೆ, ಅಲೆ ಎತ್ತಿದಾಗಲೆಲ್ಲ ರೆಕ್ಕೆ ನೀರಿನಿಂದ ಮೇಲೆ ಬಂದು ಬರೀ ಸದ್ದು ಮಾಡುತ್ತದೆ. ಲೈಫ್ ಜಾಕೆಟ್ ಇಲ್ಲಿ 13 ವರ್ಷದೊಳಗಿನ ಮಕ್ಕಳಿಗೆ ಕಡ್ಡಾಯ, ನಮ್ಮ ದೋಣಿಯಲ್ಲಿ 68 ವರ್ಷದ ಅಪ್ಪನಿಗೂ ಕಡ್ಡಾಯ. “ಕಡಲಲ್ಲೇ ಹಾಕ್ಲಿಲ್ಲ” ಅಂತ ಗೊಣಗಿಕೊಂಡೇ ಹಾಕಿದರು.

ಏಪ್ರಿಲ್‌ನ ಮೊದಲ ಭಾನುವಾರ ಹೊರಡುವುದೆಂದಿತ್ತು. ಹಿಂದಿನ ರಾತ್ರಿ ಹವಾಮಾನ ಇಲಾಖೆ ಕೆರೆಗಳಿಗೆ ಗಾಳಿ ಎಚ್ಚರಿಕೆ ಕೊಟ್ಟಿತು, ಹೋಗಲಿಲ್ಲ. ದೊಡ್ಡ ದೋಣಿ ಬಂತು ಅಂತ ಗಾಳಿಗೆ ಗೊತ್ತಿರುವುದಿಲ್ಲವಲ್ಲ. ಮುಂದಿನ ವಾರ ಹೋದೆವು. ಮಗ ಬರುತ್ತಾನೋ ಇಲ್ಲವೋ ಅಂತ ನಾನು ಕೇಳಲಿಲ್ಲ, ಅಪ್ಪ ಕೇಳಬೇಡ ಅಂದಿದ್ದರು. ಬೆಳಿಗ್ಗೆ ಐದಕ್ಕೆ ನೋಡಿದರೆ ಶೂ ಹಾಕಿಕೊಂಡು ಕಾರಿನಲ್ಲಿ ಅಜ್ಜನ ಪಕ್ಕ ಕೂತಿದ್ದ.

ಗಾಳಿ ಹತ್ತಕ್ಕೆ ಎದ್ದಿತು. ಹಿಂದಿನ ಸಲದಷ್ಟಲ್ಲ, ಆದರೂ ನೀರಿನ ಮೇಲೆ ಬಿಳಿ ನೊರೆ ಕಂಡಿತು. ಮಗ ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ. ಅಪ್ಪ ಗಾಳ ಸುತ್ತಿಕೊಳ್ಳುತ್ತಾ, “ಹೋಪ” ಅಂದರು. ಮೂತಿಯನ್ನು ಅಲೆಗೆ ಸ್ವಲ್ಪ ಓರೆಯಾಗಿ ಇಟ್ಟು ನಿಧಾನವಾಗಿ ದಾಟಿದೆ. ದಡಾರ್ ದಡಾರ್ ಅಂತ ತಳ ಬಡಿಯಿತು, ಮುಖಕ್ಕೆ ನೀರು ಹಾರಿತು, ಒಳಗೆ ಒಂದು ಲೋಟದಷ್ಟೂ ನಿಲ್ಲಲಿಲ್ಲ. ಇಪ್ಪತ್ತೈದು ನಿಮಿಷ ಹಿಡಿಯಿತು. ಗಂಡ ಅಷ್ಟು ಹೊತ್ತೂ ಎರಡು ಕೈಯಲ್ಲಿ ಸೀಟು ಹಿಡಿದಿದ್ದರು. ದಡದ ಕಟ್ಟೆ ಬಂದಾಗ ಮಗ ಮುಂದೆ ಹೋಗಿ ಮೂತಿಯ ಹಗ್ಗ ತೆಗೆದುಕೊಂಡ. “ಅಮ್ಮ, ಮುಂದಿಂದ ತಾನೆ?” ಅಂತ ಕೇಳಿ ಕಟ್ಟಿದ.

ಅವತ್ತು ಹದಿಮೂರು ಸಿಕ್ಕಿದ್ದವು. ಟೆಕ್ಸಾಸ್‌ನಲ್ಲಿ ಹತ್ತು ಇಂಚಿಗಿಂತ ಚಿಕ್ಕ ಕ್ರಾಪಿ ಇಟ್ಟುಕೊಳ್ಳುವಂತಿಲ್ಲ, ಎರಡನ್ನು ಅಳತೆಪಟ್ಟಿ ಮೇಲೆ ಮಲಗಿಸಿ ನೋಡಿ ವಾಪಸ್ ಬಿಟ್ಟೆವು. ಗಾಳಕ್ಕೆ ಬಿದ್ದ ಮೀನನ್ನು ಅಳೆದು ನೀರಿಗೆ ಬಿಡುವುದು ಅಪ್ಪನಿಗೆ ಊರಿಗೆ ಹೊರಡುವ ತನಕ ಅರ್ಥ ಆಗಲಿಲ್ಲ. ಗಂಗೊಳ್ಳಿಯಲ್ಲಿ ಈಗ ಅದನ್ನೇ ಎಲ್ಲರಿಗೂ ಹೇಳಿ ನಗಿಸುತ್ತಿದ್ದಾರಂತೆ.