ಚಪ್ಪರ ಇಳಿದ ಹಿತ್ತಿಲು

ನಮ್ಮ ಕರಾವಳಿಯ ಹಿತ್ತಿಲುಗಳಲ್ಲಿ ಚಪ್ಪರ ಕಾಣುವುದು ಈಗ ಅಪರೂಪ. ನಾನು ಹೇಳುವುದು ಮದುವೆ ಚಪ್ಪರದ ಮಾತಲ್ಲ. ಆಳೆತ್ತರದ ಕಂಬ ನೆಟ್ಟು, ಮೇಲೆ ಅಡಿಕೆ ಸಲಾಕೆ ಹಾಸಿ, ಕತ್ತದ ಹುರಿಯಲ್ಲಿ ಬಿಗಿದು ಬಸಳೆಗೋ ತೊಂಡೆಗೋ ಬಿಟ್ಟುಕೊಡುತ್ತಿದ್ದ ಚಪ್ಪರದ ಮಾತು. ಬಚ್ಚಲಿನ ನೀರು ಹೊರಗೆ ಬೀಳುವ ಕಡೆಯೇ ಅದರ ಜಾಗ. ಮಿಂದ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲವೂ ಸಣ್ಣ ಕಣಿಯಲ್ಲಿ ಹರಿದು ಬಳ್ಳಿಯ ಬುಡ ಸೇರುತ್ತಿತ್ತು. ಸುಡುಬೇಸಗೆಯಲ್ಲೂ ಆ ಬುಡ ಒಣಗಿದ್ದನ್ನು ನಾನು ನೋಡಿಲ್ಲ. ಬಳ್ಳಿಗೆಂದೇ ಬಾವಿಯಿಂದ ಒಂದು ಕೊಡ ನೀರು ಸೇದಿದವರನ್ನೂ ನೋಡಿಲ್ಲ.

ಈ ಬಳ್ಳಿಗಳನ್ನು ಯಾರೂ ದುಡ್ಡು ಕೊಟ್ಟು ತಂದದ್ದಲ್ಲ. ಯಾರದೋ ಮನೆಗೆ ಹೋದಾಗ ಊಟದ ಎಲೆಯಲ್ಲಿ ತೊಂಡೆಕಾಯಿ ಪಲ್ಯ ರುಚಿಯಾಯಿತು ಎನ್ನಿ. ಹೊರಡುವ ಹೊತ್ತಿಗೆ ಹೆಂಗಸರು ಹಿತ್ತಿಲಿಗೆ ಇಳಿಯುತ್ತಿದ್ದರು.

"ಒಂದು ತುಂಡು ಕೊಡಿ ಅಕ್ಕ, ನೆಡ್ಲಿಕ್ಕೆ."

"ಕೊಡ್ಲಿಕ್ಕೇನು, ಬೇಕಾದಷ್ಟು ತಗೊಳ್ಳಿ. ತುದಿಯದ್ದು ಬೇಡ, ಬುಡದ ಹತ್ರದ್ದು ಬಲಿತದ್ದು ಕೊಯ್ಯಿರಿ."

ಬಳ್ಳಿ ಆರಿಸುವ ವಿದ್ಯೆ ಇಷ್ಟೇ ಅನ್ನಿಸಬಹುದು. ಅದರೊಳಗೆ ಬಹಳ ತಿಳಿವಳಿಕೆ ಇತ್ತು. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬಿಳಿ ಹೂವಿನ ಹಿಂದೆ ಪುಟ್ಟ ಕಾಯಿಯಂಥದ್ದು ಕಂಡರೆ ಅದು ಹೆಣ್ಣು. ಬೀಜ ಬಿತ್ತಿದರೆ ಯಾವುದು ಬರುತ್ತದೆಂದು ಹೇಳಲಾಗದು. ಗಂಡು ಬಂದರೆ ಚಪ್ಪರ ತುಂಬಾ ಹೂವು, ಕಾಯಿ ಒಂದೂ ಇಲ್ಲ. ಹಕ್ಕಿ ತಿಂದು ಬೇಲಿಯಲ್ಲಿ ಉದುರಿಸಿದ ಬೀಜದಿಂದ ಹುಟ್ಟಿದ್ದು ಕಹಿಯೂ ಆಗಿರಬಹುದು. ಅದಕ್ಕೇ ಕಾಯಿ ಬಿಟ್ಟ, ರುಚಿ ನೋಡಿದ ಬಳ್ಳಿಯಿಂದಲೇ ತುಂಡು. ಪೆನ್ಸಿಲ್ ಗಾತ್ರದ್ದು, ಮೂರು ನಾಲ್ಕು ಗಿಣ್ಣಿನದ್ದು. ಎರಡು ಗಿಣ್ಣು ಮಣ್ಣಿನೊಳಗೆ, ಉಳಿದದ್ದು ಹೊರಗೆ, ಸ್ವಲ್ಪ ಓರೆಯಾಗಿ. ಬುಡಕ್ಕೆ ಸುಡುಮಣ್ಣು, ಒಣಸೆಗಣಿ. ಚಪ್ಪರ ಮುಟ್ಟುವ ತನಕ ಪಕ್ಕದ ಚಿಗುರು ಚಿವುಟುವುದು, ಮುಟ್ಟಿದ ಮೇಲೆ ಅದರ ಪಾಡಿಗೆ ಬಿಡುವುದು. ನೆಲದೊಳಗೆ ಬೇರು ಗೆಡ್ಡೆಯ ಹಾಗೆ ದಪ್ಪಗಾಗುತ್ತದೆ. ಆಮೇಲೆ ಮೇಲಿನ ಬಳ್ಳಿ ಒಣಗಿದರೂ ಕತ್ತರಿಸಿದರೂ ಒಂದು ಮಳೆಗೆ ಮತ್ತೆ ಚಿಗುರು.

ಹಾಗೆ ನೋಡಿದರೆ ಒಳ್ಳೆಯ ತೊಂಡೆ ಎನ್ನುವುದು ತಲೆಮಾರುಗಳಿಂದ ನಡೆದುಬಂದ ಒಂದೇ ಗಿಡ. ನನ್ನ ದೊಡ್ಡಮ್ಮ ಮದುವೆಯಾಗಿ ಹೋದ ಮನೆಗೆ ತವರಿನಿಂದ ತೊಂಡೆಯ ತುಂಡು ಒಯ್ದಿದ್ದರು. ಅಲ್ಲಿ ಚಿಗುರಿದ್ದು ತವರಿನ ಬಳ್ಳಿಯ ಮಗಳಲ್ಲ, ತವರಿನ ಬಳ್ಳಿಯೇ. ಗಿಡ್ಡ ಕಾಯಿ, ಮೈಮೇಲೆ ಬಿಳಿ ಗೀರು, ಎಳೆಯದಾಗಿದ್ದಾಗ ಹಸಿಯಾಗಿ ತಿಂದರೂ ಸಿಹಿ. ಬೇಸಗೆಯಲ್ಲಿ ಹಸಿ ಗೇರುಬೀಜ ಸಿಗುವ ಹೊತ್ತಿಗೆ ಅದೂ ಇದೂ ಸೇರಿಸಿ ಮಾಡುತ್ತಿದ್ದ ಪಲ್ಯಕ್ಕೆ ಆ ಕಾಯಿಯೇ ಬೇಕು. ಎರಡೂ ಮನೆಗಳು ಈಗ ಇಲ್ಲ. ಆ ತೊಂಡೆಗಾಗಿ ನಾನು ನೆಂಟರ ಮನೆಗಳಲ್ಲಿ ಕೇಳಿದೆ, ನೆರೆಕರೆಯಲ್ಲಿ ಕೇಳಿದೆ. "ಓ ಅದಾ, ಇತ್ತಲ್ಲ ನಮ್ಮಲ್ಲೂ" ಎಂದು ಎಲ್ಲರೂ ಹೇಳಿದರು.

ಬಸಳೆಯದು ಇನ್ನೂ ಉದಾರ ಸ್ವಭಾವ. ಅಡುಗೆಗೆ ಕೊಯ್ದ ದಂಟಿನಲ್ಲಿ ಎರಡು ಗಿಣ್ಣು ಉಳಿಸಿ ಚುಚ್ಚಿದರೆ ಸಾಕು, ಬರುತ್ತದೆ. ಕೆಂಪು ದಂಟಿನದ್ದು, ಹಸಿರು ದಂಟಿನದ್ದು ಎಂದು ಎರಡು ಬಗೆ. ಯಾವುದು ರುಚಿ ಎಂಬ ವಾದ ಮನೆಮನೆಯಲ್ಲೂ ಇತ್ತು, ನಾನು ಹಸಿರು ದಂಟಿನ ಪಕ್ಷ. ಹಗಲು ಗಿಡ್ಡವಾಗುವ ಚಳಿಗಾಲದಲ್ಲಿ ಅದು ಹೂವಿಗೆ ತಿರುಗಿ ಎಲೆ ಸಣ್ಣದಾಗುತ್ತದೆ, ಆಗ ಹೂವಿನ ಕುಡಿ ಚಿವುಟಬೇಕು. ಚಿವುಟದೆ ಬಿಟ್ಟ ಬಳ್ಳಿಯ ಕಪ್ಪು ಹಣ್ಣು ಹಿಂಡಿ ನಾವು ಮಕ್ಕಳು ಶಾಯಿ ಮಾಡುತ್ತಿದ್ದೆವು. ಮಳೆಗಾಲದಲ್ಲಿ ಎಲೆಗೆ ಕೆಂಪು ಚುಕ್ಕೆ ಬಿದ್ದರೆ ಬೂದಿ ಎರಚುತ್ತಿದ್ದರು. ಹಲಸಿನ ಬೀಜ ಹಾಕಿದ ಬಸಳೆ ಸಾಂಬಾರು, ಒಣಸಿಗಡಿ ಹಾಕಿದ ಗಸಿ, ಪುಂಡಿಯ ಜೊತೆಗಿನ ಬಸಳೆ: ಜಾತಿಗೊಂದು ಬಗೆಯ ಅಡುಗೆ, ಚಪ್ಪರ ಮಾತ್ರ ಎಲ್ಲರದೂ ಒಂದೇ ಥರ. ಡಚ್ಚರ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದ ಮಲಬಾರಿನ ಸಸ್ಯಗಳ ಗ್ರಂಥ 'ಹೊರ್ತುಸ್ ಮಲಬಾರಿಕುಸ್'ನಲ್ಲಿ ಬಸಳೆಯೂ ಇದೆ. ನಮ್ಮ ಬಚ್ಚಲಿನ ಬಳ್ಳಿಗೆ ಅಷ್ಟು ಹಿಂದೆಯೇ ಸಂದ ಆ ಗೌರವ ನೆನೆದಾಗ ಹೆಮ್ಮೆಯಾಗುತ್ತದೆ.

ವೀಳ್ಯದೆಲೆಯ ಬಳ್ಳಿಗೆ ಚಪ್ಪರ ಬೇಡ, ಮರ ಬೇಕು. ಅದು ಕೈಗೆ ನಿಲುಕದ ಎತ್ತರಕ್ಕೆ ಹೋದಾಗ ಮರದಿಂದ ಬಿಡಿಸಿ ಇಳಿಸಿ, ಎಲೆ ಕಳಚಿದ ಬಳ್ಳಿಯನ್ನು ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಗೊಬ್ಬರ ಮುಚ್ಚುತ್ತಿದ್ದರು. ತುದಿ ಮಾತ್ರ ಮತ್ತೆ ಮರಕ್ಕೆ. ಹೂತ ಗಿಣ್ಣುಗಳೆಲ್ಲ ಬೇರು ಬಿಟ್ಟು ಮುದಿಬಳ್ಳಿಗೆ ಹೊಸ ಪ್ರಾಯ ಬರುತ್ತಿತ್ತು. ಬೇಲಿಯಲ್ಲಿದ್ದ ಪೊಂಗಾರೆ ಮರಗಳು ವೀಳ್ಯಕ್ಕೂ ಕರಿಮೆಣಸಿಗೂ ಆಸರೆ. 2005ರ ಹೊತ್ತಿಗೆ ಕಣಜದ ಜಾತಿಯ ಸಣ್ಣ ಕೀಟವೊಂದು ದಕ್ಷಿಣ ಭಾರತಕ್ಕೆ ಬಂದು ಅವುಗಳ ಎಲೆ, ತೊಟ್ಟುಗಳನ್ನೆಲ್ಲ ಗಂಟುಗಟ್ಟಿಸಿತು. ಎಷ್ಟೋ ಮರಗಳು ಒಣಗಿದವು, ಹಬ್ಬಿದ ಬಳ್ಳಿಗಳೂ ನೆಲಕ್ಕೆ ಬಂದವು.

ಉಳಿದ ಬಳ್ಳಿಗಳಿಗೆ ಯಾವ ರೋಗವೂ ಬಂದದ್ದಲ್ಲ, ಸಂಕಟ ಇರುವುದೇ ಅಲ್ಲಿ. ಇದೇ ತೊಂಡೆ ಹವಾಯಿ ದ್ವೀಪಗಳಲ್ಲಿ ಮರಗಳನ್ನೇ ಮುಚ್ಚಿ ಹಬ್ಬಿ, ಅಪಾಯಕಾರಿ ಕಳೆ ಎಂದು ಸರಕಾರದ ಪಟ್ಟಿ ಸೇರಿದೆ. ಅಷ್ಟು ಗಟ್ಟಿ ಜೀವ ಅದರದ್ದು. ನಮ್ಮಲ್ಲಿ ಬಚ್ಚಲಿನ ನೀರು ಪೈಪು ಸೇರಿ ಗುಂಡಿಗೆ ಇಳಿಯಿತು. ಅಂಗಳಕ್ಕೂ ಹಿತ್ತಿಲಿಗೂ ಇಂಟರ್‌ಲಾಕ್ ಬಂತು. ಮಕ್ಕಳು ಬೆಂಗಳೂರು, ಮುಂಬಯಿ, ದುಬೈ ಸೇರಿದರು. ಊರಲ್ಲಿ ಉಳಿದ ಇಬ್ಬರಿಗೆ ಚಪ್ಪರದಡಿ ಕತ್ತು ಎತ್ತಿ ಕೊಯ್ಯುವ ಶಕ್ತಿ ಇಲ್ಲ. ಶಕ್ತಿ ಇದ್ದವರ ಬೆಳೆಗೆ ಮಂಗ, ನವಿಲು. ಪತ್ತನಾಜೆಯ ಹೊತ್ತಿಗೆ, ಮಳೆಗೆ ಮುಂಚೆ, ಕುಂಬಾದ ಸಲಾಕೆ ಬದಲಿಸಿ ಚಪ್ಪರ ಬಿಗಿಯುವ ಆಳೂ ಸಿಗುವುದಿಲ್ಲ. ಪೇಟೆಯ ಮನೆಗಳ ಬಾಲ್ಕನಿಯಿಂದ ಈಗ ಕರ್ಟನ್ ಕ್ರೀಪರ್ ಇಳಿಬಿದ್ದಿರುತ್ತದೆ. ನೋಡಲು ಚಂದವೇ, ಅಡುಗೆಮನೆಗೆ ಮಾತ್ರ ಅದರಿಂದ ಏನೂ ಬರುವುದಿಲ್ಲ.

ಉಡುಪಿಯ ಮಟ್ಟುಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದನ್ನು ಗದ್ದೆಯಲ್ಲಿ ಬೆಳೆದು ಮಾರುವ ಊರೇ ಬೆನ್ನಿಗಿತ್ತು. ಮನೆಗೊಂದರಂತೆ ಇದ್ದ ತೊಂಡೆಯ ಪರವಾಗಿ ಅರ್ಜಿ ಹಾಕುವವರು ಯಾರು? ಅದಕ್ಕೆ ಹೆಸರೂ ಇರಲಿಲ್ಲ. 'ಸುಬ್ಬಕ್ಕನ ಮನೆಯದ್ದು' ಎಂದರೆ ಸಾಕಿತ್ತು.

ಹಳೆಯ ಮನೆ ಕೆಡಹುವವರಲ್ಲಿ ನನ್ನದೊಂದು ಬೇಡಿಕೆ. ಜೆಸಿಬಿ ಹಿತ್ತಿಲಿಗೆ ಬರುವ ಮೊದಲು ಒಮ್ಮೆ ಸುತ್ತು ಹಾಕಿ. ಬಾವಿಕಟ್ಟೆಯ ಹತ್ತಿರ, ಕೊಟ್ಟಿಗೆಯ ಗೋಡೆಗೆ ತಾಗಿ ಒಂದು ಹಳೆಯ ಬುಡ ಇದ್ದೀತು. ಅದರಿಂದ ಬಲಿತ ನಾಲ್ಕು ತುಂಡು ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಒಂದೆರಡು ದಿನಕ್ಕೆ ಬಾಡುವುದಿಲ್ಲ. ನೆಡಲು ಜಾಗವಿಲ್ಲದಿದ್ದರೆ ಇದ್ದವರಿಗೆ ಕೊಡಿ. ಗಿಡ್ಡ ಕಾಯಿಯ, ಬಿಳಿ ಗೀರಿನ ತೊಂಡೆಯಾದರೆ ನನಗೆ ಹೇಳಿಕಳುಹಿಸಿ, ನಾನೇ ಬಂದು ಕೊಯ್ದುಕೊಳ್ಳುತ್ತೇನೆ.