ಈ ಸಲ ನಮ್ಮೈಕ್ಳು ಬುಡಕಿಲ್ಲ

ಪ್ರಾಕ್ಟೀಸ್ ಮ್ಯಾಚು ನೋಡಿ ಬಂದವರ ಮಾತಿನಲ್ಲಿರುವ ಧೈರ್ಯ ಫೈನಲ್ ಗೆದ್ದವರ ಮಾತಿನಲ್ಲೂ ಇರುವುದಿಲ್ಲ. ಭೀಮನಬೀಡಿನ ಸುತ್ತಮುತ್ತ ಚೆಂಡು ಹೂವಿನ ಹೊಲಗಳು ಹಳದಿಗಟ್ಟಿ, ಗುಂಡ್ಲುಪೇಟೆಯ ಕಾಲೇಜಿಗೆ ಹೋಗುವ ಹುಡುಗರು ಮತ್ತೆ ಬಸ್ಸು ಹತ್ತತೊಡಗಿದ ಮೇಲೆ ಈ ಮಾತು ಶುರುವಾಗುತ್ತದೆ. ಅಂತರ ಕಾಲೇಜು ಕಬಡ್ಡಿಯ ತಾರೀಖು ಇನ್ನೂ ಗೊತ್ತಾಗಿರುವುದಿಲ್ಲ. ಹುಡುಗರು ತಮ್ಮತಮ್ಮಲ್ಲೇ ಎರಡು ತಂಡ ಮಾಡಿಕೊಂಡೋ, ಪಕ್ಕದೂರಿನವರನ್ನು ಕರೆಸಿಕೊಂಡೋ ಒಂದು ಸಂಜೆ ಆಡಿರುತ್ತಾರೆ. ಅಷ್ಟಕ್ಕೇ ಟೀ ಅಂಗಡಿಯ ಮುಂದೆ ತೀರ್ಪು ಸಿದ್ಧ: “ಈ ಸಲ ನಮ್ಮೈಕ್ಳು ಬುಡಕಿಲ್ಲ ಕನಪ್ಪ.”

ಈ ಮಾತನ್ನು ಹಗುರವಾಗಿ ಕಾಣುವವರಿದ್ದಾರೆ. ಲೆಕ್ಕಕ್ಕೇ ಬಾರದ ಆಟ, ಅದರಿಂದ ಏನು ಗೊತ್ತಾಗುತ್ತದೆ ಎಂದು ಕೇಳುತ್ತಾರೆ. ಬಹಳ ಗೊತ್ತಾಗುತ್ತದೆ ಎಂದು ನಾನು ನಂಬಿದ್ದೇನೆ, ಆದರೆ ಎಲ್ಲರೂ ನೋಡುವ ಜಾಗದಲ್ಲಿ ಅಲ್ಲ.

2021ರ ಆರ್‌ಸಿಬಿಯನ್ನೇ ನೋಡಿ. ಕೋವಿಡ್‌ನಿಂದ ನಡುವೆ ನಿಂತಿದ್ದ ಐಪಿಎಲ್ ಸೆಪ್ಟೆಂಬರಿನಲ್ಲಿ ಯುಎಇಯಲ್ಲಿ ಮುಂದುವರಿಯುವುದಿತ್ತು. ಅದಕ್ಕೆ ಕೆಲವೇ ದಿನ ಮುಂಚೆ ತಂಡದವರು ತಮ್ಮೊಳಗೇ ಒಂದು ಅಭ್ಯಾಸ ಪಂದ್ಯ ಆಡಿದರು. ಎ.ಬಿ. ಡಿವಿಲಿಯರ್ಸ್ 46 ಎಸೆತಗಳಲ್ಲಿ 104 ಹೊಡೆದರು. ಸುದ್ದಿ ಕರ್ನಾಟಕದ ಮೊಬೈಲುಗಳಿಗೆಲ್ಲ ಹರಡಿತು, “ಈ ಸಲ ಕಪ್ ನಮ್ದೇ” ಎಂಬ ಕೂಗು ಮತ್ತೆ ಎದ್ದಿತು. ಸೆಪ್ಟೆಂಬರ್ 20ರಂದು ಅಬುಧಾಬಿಯಲ್ಲಿ ಕೋಲ್ಕತ್ತದ ಎದುರು ನಿಜವಾದ ಆಟ. ಡಿವಿಲಿಯರ್ಸ್ ಮೊದಲ ಎಸೆತಕ್ಕೇ ಆಂಡ್ರೆ ರಸೆಲ್‌ಗೆ ಬೌಲ್ಡ್. ಇಡೀ ತಂಡ 92ಕ್ಕೆ ಮುಗಿಯಿತು. ಕೋಲ್ಕತ್ತ ಹತ್ತು ಓವರುಗಳಲ್ಲಿ ಒಂಬತ್ತು ವಿಕೆಟ್‌ಗಳಿಂದ ಗೆದ್ದುಕೊಂಡು ಹೋಯಿತು. ಡಿವಿಲಿಯರ್ಸ್ ಆ ಹಂತದಲ್ಲಿ ಒಂದು ಅರ್ಧ ಶತಕವನ್ನೂ ಹೊಡೆಯಲಿಲ್ಲ, ನವೆಂಬರಿನಲ್ಲಿ ಆಟಕ್ಕೇ ವಿದಾಯ ಹೇಳಿದರು.

ಹಾಗಾದರೆ ಅಭ್ಯಾಸ ಪಂದ್ಯ ಸುಳ್ಳು ಹೇಳಿತೆ? ಇಲ್ಲ. ಅದೇ ಪಂದ್ಯದಲ್ಲಿ ಎದುರು ಪಾಳಿಯಲ್ಲಿ ಆಡಿದ ಕೆ.ಎಸ್. ಭರತ್ 47 ಎಸೆತಗಳಲ್ಲಿ 95 ಹೊಡೆದಿದ್ದರು. ಅಲ್ಲಿಯವರೆಗೆ ಅವರು ಒಂದೂ ಐಪಿಎಲ್ ಪಂದ್ಯ ಆಡಿರಲಿಲ್ಲ. ಡಿವಿಲಿಯರ್ಸರ ಶತಕದ ಗದ್ದಲದಲ್ಲಿ ಆ 95 ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. ಅಕ್ಟೋಬರ್ 8ರಂದು ಡೆಲ್ಲಿಯ ಎದುರು ಕೊನೆಯ ಎಸೆತದಲ್ಲಿ ಗೆಲ್ಲಲು ಐದು ರನ್ ಬೇಕಿತ್ತು. ಆವೇಶ್ ಖಾನ್ ಎಸೆದ ಆ ಚೆಂಡನ್ನು ಸಿಕ್ಸರಿಗೆ ಅಟ್ಟಿ ತಂಡವನ್ನು ಗೆಲ್ಲಿಸಿದ್ದು ಇದೇ ಭರತ್, ಆ ದಿನ ಔಟಾಗದೆ 78. ಅಭ್ಯಾಸ ಪಂದ್ಯ ನಿಜವನ್ನೇ ಹೇಳಿತ್ತು, ಕೇಳಿಸಿಕೊಂಡವರು ಕಡಿಮೆ.

ನಮ್ಮ ಕಡೆ ಹಳೆಯ ಕಬಡ್ಡಿ ಆಟಗಾರರಿಗೆ ಈ ಕೇಳಿಸಿಕೊಳ್ಳುವ ವಿದ್ಯೆ ಚೆನ್ನಾಗಿ ಗೊತ್ತು. ಗೆರೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡುವ ಮಾವನಿಗೂ ಪಕ್ಕದಲ್ಲಿ ನಿಂತ ಅಳಿಯನಿಗೂ ನಡೆಯುವ ಮಾತು ಹೀಗಿರುತ್ತದೆ:

“ಮಾವ, ಆ ರೈಡರ್‌ನ ನೋಡುದ್ಯಾ? ಒಂದೇ ರೈಡಲ್ಲಿ ಮೂರು ಜನ!”

“ನೋಡ್ದಿ ಕನಾ. ಅಂವ ಇರ್ಲಿ ಬುಡು. ಎಡಗಡೆ ಕಾರ್ನರಲ್ಲಿ ನಿಂತಿದ್ನಲ್ಲ, ಅವನ ಕಾಲ್ ನೋಡುದ್ಯಾ? ಒಂದ್ಸಲಾನೂ ಮುಂಚ್ಗೆ ನುಗ್ನಿಲ್ಲ.”

ಸಂತೆಯಲ್ಲಿ ಎತ್ತು ಕೊಳ್ಳುವವನು ಕೊಂಬಿಗೆ ಮರುಳಾಗದೆ ಕಾಲು ನೋಡುವ ಹಾಗಿರುತ್ತದೆ ಅವರ ನೋಟ. ಪ್ರಾಕ್ಟೀಸಿನಲ್ಲಿ ರೈಡರ್ ಮಿಂಚುವುದು ಸುಲಭ. ಹಿಡಿಯುವವರು ಅವನ ಜೊತೆಗಾರರೇ. ಅವರಿಗೆ ಅವನ ಕಾಲು ಮುರಿದರೆ ಎಂಬ ಅಂಜಿಕೆ ಇರುತ್ತದೆ, ಪೂರ್ತಿ ಬಲ ಹಾಕಿ ಡ್ಯಾಶ್ ಕೊಡುವುದಿಲ್ಲ. 30 ಸೆಕೆಂಡಿನ ರೈಡನ್ನು ಗಡಿಯಾರ ಹಿಡಿದು ಎಣಿಸುವವರೂ ಇರುವುದಿಲ್ಲ. ಮೇಲಾಗಿ ನೆಲ ಬೇರೆ. ಊರಿನದು ಮಣ್ಣಿನ ಅಂಕಣ, ಬರಿಗಾಲು, ಬೆರಳು ಊರಿ ನಿಲ್ಲಬಹುದು. ದೊಡ್ಡ ಪಂದ್ಯಗಳು ಈಗ ಮ್ಯಾಟ್ ಮೇಲೆ, ಶೂ ಹಾಕಿಕೊಂಡು. ಮಣ್ಣಿನಲ್ಲಿ ಬಂಡೆಯಂತೆ ನಿಲ್ಲುವ ಹುಡುಗ ಮ್ಯಾಟ್ ಮೇಲೆ ಮೊದಲ ಐದು ನಿಮಿಷ ತನ್ನ ಕಾಲನ್ನೇ ನಂಬುವುದಿಲ್ಲ. ಆದ್ದರಿಂದ ಪ್ರಾಕ್ಟೀಸಿನ ಪಾಯಿಂಟುಗಳಿಗೆ ನಾನೂ ಬೆಲೆ ಕೊಡುವುದಿಲ್ಲ.

ನೋಡಬೇಕಾದದ್ದು ಬೇರೆ. ಏಳೂ ಜನ ಔಟಾಗಿ ಲೋನಾ ಬಿದ್ದು, ಎದುರಾಳಿಗೆ ಎರಡು ಪಾಯಿಂಟು ಹೆಚ್ಚಿಗೆ ಹೋದ ಮೇಲೆ ಮತ್ತೆ ಒಳಗೆ ಬರುವಾಗ ಹುಡುಗರು ಒಬ್ಬರನ್ನೊಬ್ಬರು ಬೈಯುತ್ತ ಬರುತ್ತಾರೋ, ಕೈಗೆ ಕೈ ಸೇರಿಸಿ ಸರಪಳಿ ಕಟ್ಟುತ್ತ ಬರುತ್ತಾರೋ? ಅಂಕಣದಲ್ಲಿ ಮೂವರೇ ಉಳಿದಾಗ ಯಾರ ದನಿ ಕೇಳುತ್ತದೆ? ಬದಲಿ ಆಟಗಾರ ಕೂತು ಮೊಬೈಲು ನೋಡುತ್ತಾನೋ, ರೈಡರ್ ಯಾವ ಕಡೆಗೆ ವಾಲುತ್ತಾನೆಂದು ಗಮನಿಸುತ್ತಾನೋ? ಇವುಗಳಿಗೆ ಮಣ್ಣೂ ಒಂದೇ, ಮ್ಯಾಟೂ ಒಂದೇ. ಒಂದು ತಂಡ ಎಂಥದು ಎಂಬುದು ಇವುಗಳಿಂದಲೇ ಗೊತ್ತಾಗುತ್ತದೆ. ಇವನ್ನು ಕಂಡು “ಬುಡಕಿಲ್ಲ” ಅಂದವನ ಮಾತನ್ನು ನಾನು ತಳ್ಳಿಹಾಕಲಾರೆ.

ಹೆಸರು ನೋಡಿ ಹುಟ್ಟಿದ ಭರವಸೆ ಬೇರೆಯೇ ಜಾತಿಯದು. 2019ರ ಜನವರಿ 5ರಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ ಗುಜರಾತನ್ನು 38–33ರಲ್ಲಿ ಸೋಲಿಸಿ ಪ್ರೊ ಕಬಡ್ಡಿ ಗೆದ್ದಿತು. ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದಿದ್ದರು. ಆ ರಾತ್ರಿಯಿಂದ ನಮ್ಮ ಕಡೆಯ ಹುಡುಗರ ರೈಡಿಗೊಂದು ಹೊಸ ಓಟ ಬಂದದ್ದು ನಿಜ. 2024ರಲ್ಲಿ ಪರ್ದೀಪ್ ನರ್ವಾಲ್‌ರಂಥ ದೊಡ್ಡ ಹೆಸರು ತಂಡಕ್ಕೆ ಬಂದಾಗ ಮತ್ತೆ ಅದೇ ಆಸೆ ಹುಟ್ಟಿತು. ಆ ವರ್ಷ ಬುಲ್ಸ್ ಪಟ್ಟಿಯ ಕೊನೆಯಲ್ಲಿ ನಿಂತಿತು.

ಇನ್ನು ಆರ್‌ಸಿಬಿ. 2009ರಲ್ಲಿ ಜೋಹಾನ್ಸ್‌ಬರ್ಗಿನ ಫೈನಲಿನಲ್ಲಿ ಆರು ರನ್ನಿನಿಂದ ಸೋಲು, 2011ರಲ್ಲಿ ಸೋಲು, 2016ರಲ್ಲಿ ಎಂಟು ರನ್ನಿನಿಂದ ಸೋಲು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನ ಎದುರು ಆರೇ ರನ್ನಿನಿಂದ ಗೆಲುವು. ಹದಿನೆಂಟು ಸೀಸನ್ ಜನ ಕಾದರು. ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ನಂಬಿದ್ದರಿಂದಲೇ ಅಷ್ಟು ಕಾಲ ಕಾಯಲಾಯಿತು. ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ಆ ಕಪ್ಪಿನ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವರ ಮನೆಗಳು. ಗೆಲುವಿಗೆ ಲಕ್ಷ ಜನ ಸೇರುತ್ತಾರೆ, ಯಾರಿಗೂ ಯಾರ ಗುರುತೂ ಇರುವುದಿಲ್ಲ. ಪ್ರಾಕ್ಟೀಸಿಗೆ ಬರುವವರು ಇಪ್ಪತ್ತೋ ಮೂವತ್ತೋ ಜನ. ಅವರಿಗೆ ಅಂಕಣದಲ್ಲಿರುವ ಒಬ್ಬೊಬ್ಬ ಹುಡುಗನೂ ಯಾರ ಮಗ, ಬೆಳಿಗ್ಗೆ ಯಾರ ಹೊಲದಲ್ಲಿ ಹೂ ಬಿಡಿಸಿ ಬಂದ, ಯಾವ ಮಂಡಿಗೆ ಪೆಟ್ಟಾಗಿದೆ ಎಂಬುದೆಲ್ಲ ಗೊತ್ತು. ಆ ಮೂವತ್ತು ಜನರ ಕೂಗು ಹುಡುಗನನ್ನು ಮರುದಿನವೂ ಅಂಕಣಕ್ಕೆ ಎಳೆದು ತರುತ್ತದೆ. ಟ್ರೋಫಿಗೆ ಆ ಶಕ್ತಿ ಇಲ್ಲ, ಅದು ಬರುವ ಹೊತ್ತಿಗೆ ಅಭ್ಯಾಸದ ದಿನಗಳು ಮುಗಿದಿರುತ್ತವೆ.

ಒಂದು ನೋವು ಮಾತ್ರ ಉಳಿದಿದೆ. ಈ ಮೂವತ್ತು ಜನ ಹುಡುಗಿಯರ ಪ್ರಾಕ್ಟೀಸಿಗೆ ಬರುವುದಿಲ್ಲ. ಆರ್‌ಸಿಬಿಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು, 2024ರ ಮಾರ್ಚ್ 17ರಂದು, ದೆಹಲಿಯಲ್ಲಿ. ಆ ಫೈನಲಿನಲ್ಲಿ 12 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತವರು ನಮ್ಮ ಶ್ರೇಯಾಂಕಾ ಪಾಟೀಲ್. ಗಂಡಸರ ತಂಡ ಅಲ್ಲಿಗೆ ತಲುಪಲು ಇನ್ನೂ ಒಂದು ವರ್ಷ ಬೇಕಾಯಿತು. ನಮ್ಮ ಹಳ್ಳಿಗಳಿಂದ ಕಾಲೇಜಿಗೆ ಹೋಗುವ ಹುಡುಗಿಯರೂ ಕಬಡ್ಡಿ ಆಡುತ್ತಾರೆ, ಖೋಖೋ ಆಡುತ್ತಾರೆ. ಕೊನೆಯ ಬಸ್ಸು ತಪ್ಪುವ ಭಯದಲ್ಲಿ ಅರ್ಧ ಆಟಕ್ಕೇ ಚೀಲ ಎತ್ತಿಕೊಂಡು ಓಡುತ್ತಾರೆ. ಅವರ ಆಟ ನೋಡಿ “ಈ ಸಲ ಬುಡಕಿಲ್ಲ” ಎಂದು ಟೀ ಅಂಗಡಿಯಲ್ಲಿ ಹೇಳುವವರು ಯಾರೂ ಇಲ್ಲ.

ಈ ಸಲ ಕಾಲೇಜು ಮೈದಾನದಲ್ಲಿ ಸುಣ್ಣದ ಗೆರೆ ಎಳೆದದ್ದು ಕಂಡರೆ ಗಾಡಿ ನಿಲ್ಲಿಸಿ. ಹುಡುಗರದಾದರೂ ಸರಿ, ಹುಡುಗಿಯರದಾದರೂ ಸರಿ, ಅರ್ಧ ಗಂಟೆ ನಿಂತು ನೋಡಿ. ಕಾರ್ನರಲ್ಲಿ ನಿಂತವಳ ಕಾಲು ನೋಡಿ, ಚೆನ್ನಾಗಿ ಹಿಡಿದರೆ ಹೆಸರು ಹಿಡಿದು ಕೂಗಿ. ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡುವವರು ಯಾರಾದರೂ ಇದ್ದಾರೆಯೇ ಎಂದು ಅವರ ಮೇಷ್ಟ್ರನ್ನು ಒಂದು ಮಾತು ಕೇಳಿ.